ನೂರಕ್ಕೆ ಹತ್ತು

ಪುಂಡಲೀಕಣ್ಣ ಯಾರ ಮನೆಗೆ ಹೋದರೂ ಕೂಡುತ್ತಿರಲಿಲ್ಲ. ಅಣ್ಣಿಗೇರಿಯ ಐದು ಓಣಿ, ಬಸ್‌ಸ್ಟ್ಯಾಂಡು, ಸ್ಟೇಷನ್ ರಸ್ತೆ, ಕಾಳಿನ ಅಂಗಡಿಗಳ ಸಾಲು ಇಷ್ಟನ್ನೂ ದಿನಾ ಸೈಕಲ್ ಮೇಲೆ ಸುತ್ತಿ ನೂರಾ ಮೂವತ್ತು ಮಂದಿಯಿಂದ ಪಿಗ್ಮಿ ರೊಕ್ಕ ಎತ್ತುವುದು ಅವನ ಕೆಲಸ. ದಿನಕ್ಕೆ ಹತ್ತು ರೂಪಾಯಿ ಕೊಡುವವರೂ ಇದ್ದರು, ನೂರು ಕೊಡುವವರೂ ಇದ್ದರು. ಬಾಗಿಲಲ್ಲಿ ನಿಂತೇ ನೋಟು ಎಣಿಸಿ, ಒಮ್ಮೆ ಕಣ್ಣಿಗೆ ಒತ್ತಿಕೊಂಡು, ಖಾಕಿ ಚೀಲಕ್ಕೆ ಹಾಕಿ, ಅಂಗೈಯಗಲದ ಮಶೀನಿನಿಂದ ಚೀಟಿ ಹರಿದು ಕೊಡುತ್ತಿದ್ದ. "ಕೂಡಪಾ, ಒಂದು ಕಪ್ ಚಾ ಕುಡದು ಹೋಗು" ಎಂದು ಯಾರಾದರೂ ಅಂದರೆ ಇಪ್ಪತ್ತಾರು ವರ್ಷವೂ ಅವನದು ಒಂದೇ ಉತ್ತರ: "ಮಂದಿ ರೊಕ್ಕ ಬಗಲಾಗ ಇದ್ದಾಗ ಕೂಡಬಾರದ್ರಿ, ನಿದ್ದಿ ಬರ್ತೈತಿ."

ಅವನ ಬಗ್ಗೆ ಈಗ ಊರಲ್ಲಿ ಎರಡು ಮಾತಿವೆ. ಒಂದು ಸುಳ್ಳು, ಇನ್ನೊಂದು ಅರ್ಧ ಸುಳ್ಳು. ಪೂರಾ ಗೊತ್ತಿರುವವಳು ನಾನೊಬ್ಬಳೇ ಎಂದು ನಾನು ಬಹಳ ದಿನ ತಿಳಿದಿದ್ದೆ. ಅದೂ ತಪ್ಪಾಗಿತ್ತು.

ನನ್ನ ಹೆಸರು ಮಲ್ಲಿಕಾ. ಇದೇ ಊರಿನ ದೊಡ್ಡ ಬ್ಯಾಂಕೊಂದರಲ್ಲಿ ಅಧಿಕಾರಿ. ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಪಗಾರ ತೆಗೆದುಕೊಂಡವಳು ನಾನೇ ಮೊದಲು. ನಮ್ಮವ್ವ ಸಣ್ಣವ್ವ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಈಗಲೂ ಕೂತರೆ ಕೈಕಾಲು ಹಿಡಿಯುತ್ತವೆ ಎಂದು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಅಂಥವಳು ಮಗಳ ಬ್ಯಾಂಕಿನಲ್ಲಿ ಖಾತೆ ತೆಗೆಯದೆ ದಿನಕ್ಕೆ ಇಪ್ಪತ್ತು ರೂಪಾಯಿ ಪುಂಡಲೀಕಣ್ಣನ ಚೀಲಕ್ಕೆ ಹಾಕುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ನಾನು ಸಿಟ್ಟು ಮಾಡಿದರೆ, "ನಿಮ್ಮ ಬ್ಯಾಂಕಿಗೆ ನಾ ಹೋಗಬೇಕು. ಅವಾ ನನ್ನ ಬಾಗಲಕ್ಕ ಬರ್ತಾನ" ಎನ್ನುತ್ತಿದ್ದಳು. ಅವ್ವನಿಗೆ ಓದು ಬಾರದು. ಇಪ್ಪತ್ತು ರೂಪಾಯಿಗೆ ಒಂದು ಹುಣಸೇಬೀಜ ಡಬ್ಬಿಗೆ ಹಾಕುವುದು ಅವಳ ಲೆಕ್ಕ. ಆರು ತಿಂಗಳಿಗೊಮ್ಮೆ ಪುಂಡಲೀಕಣ್ಣ ಚೀಟಿಯ ಲೆಕ್ಕ ಓದಿ ಹೇಳಿದರೆ ಅವಳು ಬೀಜ ಎಣಿಸುತ್ತಿದ್ದಳು. ಒಮ್ಮೆಯೂ ಹೆಚ್ಚುಕಡಿಮೆ ಆಗಿರಲಿಲ್ಲ.

ಅವನು ಈ ರೊಕ್ಕ ಕಟ್ಟುತ್ತಿದ್ದುದು ಒಂದು ಪತ್ತಿನ ಸಂಘಕ್ಕೆ. ಅದರ ಹೆಸರು ಬರೆಯುವುದಿಲ್ಲ, ಬೋರ್ಡನ್ನೇ ಕಿತ್ತೊಯ್ದಿದ್ದಾರೆ. ಊರವರು ಅದನ್ನು ಸಣ್ಣ ಬ್ಯಾಂಕು ಎನ್ನುತ್ತಿದ್ದರು, ಆದರೆ ಅದು ಬ್ಯಾಂಕಾಗಿರಲಿಲ್ಲ. ಈ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಸಂಕಟವೆಲ್ಲ ಇದರಿಂದಲೇ. ನಮ್ಮಂಥ ಬ್ಯಾಂಕುಗಳು ಜನ ಇಟ್ಟ ಪ್ರತಿ ನೂರು ರೂಪಾಯಿಯಲ್ಲಿ ನಾಲ್ಕೋ ನಾಲ್ಕೂವರೆಯೋ ತೆಗೆದು ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕು. ಆ ಮೀಸಲು ರೊಕ್ಕಕ್ಕೆ ರಿಸರ್ವ್ ಬ್ಯಾಂಕ್ ಒಂದು ಪೈಸೆ ಬಡ್ಡಿ ಕೊಡುವುದಿಲ್ಲ. ಹಿಂದೆ ಅಷ್ಟಿಷ್ಟು ಕೊಡುತ್ತಿತ್ತಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದೂ ನಿಂತಿತ್ತು. ಸುಮ್ಮನೆ ಬಿದ್ದ ರೊಕ್ಕ ಎಂದು ಬ್ಯಾಂಕಿನವರು ಗೊಣಗುತ್ತೇವೆ, ಇಡುತ್ತೇವೆ. ಪುಂಡಲೀಕಣ್ಣನದರಂಥ ಪತ್ತಿನ ಸಂಘಗಳಿಗೆ ಈ ಕಟ್ಟು ಇಲ್ಲ. ರಿಸರ್ವ್ ಬ್ಯಾಂಕಿನಲ್ಲಿ ಅವುಗಳ ಹೆಸರಿನ ಖಾತೆಯೇ ಇರುವುದಿಲ್ಲ.

೨೦೨೩ರ ಆಗಸ್ಟಿನಲ್ಲಿ, ಎರಡು ಸಾವಿರದ ನೋಟುಗಳೆಲ್ಲ ವಾಪಸು ಬಂದು ಬ್ಯಾಂಕುಗಳಲ್ಲಿ ರೊಕ್ಕ ಹೆಚ್ಚಾದಾಗ, ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಹೆಚ್ಚಿಗೆ ಬಂದ ಠೇವಣಿಯಲ್ಲಿ ನೂರಕ್ಕೆ ಹತ್ತು ರೂಪಾಯಿ ಇನ್ನೂ ತೆಗೆದಿಡಿ, ಸ್ವಲ್ಪ ದಿನದ ಮಟ್ಟಿಗೆ, ಬಡ್ಡಿ ಇಲ್ಲ ಎಂದು. ಪೇಪರಿನಲ್ಲೂ ಬಂತು. ನಮ್ಮ ಶಾಖೆಯಲ್ಲಿ ಇದನ್ನು ಓದಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ; ಅದು ಮುಂಬೈಯ ದೊಡ್ಡ ಕಚೇರಿಯವರ ತಲೆನೋವು.

ಆ ವಾರವೇ ಒಂದು ಮಧ್ಯಾಹ್ನ ಪುಂಡಲೀಕಣ್ಣ ನನ್ನ ಟೇಬಲ್ಲಿನ ಮುಂದೆ ಬಂದು ನಿಂತ. ಮನೆಯಲ್ಲಿ ನನ್ನನ್ನು ತಂಗೀ ಎನ್ನುವವನು ಬ್ಯಾಂಕಿನೊಳಗೆ ಮಾತ್ರ ಮೇಡಮ್ಮಾರ ಎನ್ನುತ್ತಿದ್ದ. ಕೈಯಲ್ಲಿ ಪೇಪರಿನ ತುಣುಕು ಇತ್ತು.

"ಮೇಡಮ್ಮಾರ, ಒಂದ ಮಾತು. ನೂರಕ್ಕ ಹತ್ತು ತಗದಿಡ್ರಿ, ಬಡ್ಡಿ ಕೊಡಂಗಿಲ್ಲ ಅಂತ ರಿಸರ್ವ್ ಬ್ಯಾಂಕಿನವ್ರು ಹೇಳ್ಯಾರಂತಲ್ಲ, ಖರೆ ಏನ್ರಿ?"

ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಖರೆ ಅಣ್ಣಾ."

"ಅಂದ್ರ ಆ ರೊಕ್ಕ ಎಲ್ಲೂ ಹೋಗೂದಿಲ್ಲಲ್ರಿ?"

"ಎಲ್ಲಿ ಹೋಗ್ತೈತಿ? ರಿಸರ್ವ್ ಬ್ಯಾಂಕಿನ್ಯಾಗ ಇರ್ತೈತಿ. ತಿರುಗಿ ಕೊಡ್ತಾರ."

"ಅಷ್ಟ ಸಾಕ್ರಿ" ಎಂದು ತುಣುಕನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದ.

ಯಾಕೆ ಕೇಳುತ್ತೀ, ಇದನ್ನು ಯಾರಿಗೆ ಹೇಳುವವನಿದ್ದೀ, ನಿಮ್ಮ ಸಂಘಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಹೆಸರುಕಾಳು ಮಾರಿದ ಚೆಕ್ಕು ಹಿಡಿದು ಇಪ್ಪತ್ತು ಮಂದಿ ಎದುರಿಗೆ ನಿಂತಿದ್ದರು, ಅದು ಖರೆ. ಆದರೆ ಒಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು? ಅವತ್ತು ನನ್ನ ಮೇಲೆ ನನಗೆ ಬರಬೇಕಿದ್ದ ಸಿಟ್ಟು ಎರಡು ತಿಂಗಳು ತಡವಾಗಿ ಬಂತು, ಇನ್ನೂ ಇಳಿದಿಲ್ಲ.

ನಡೆದದ್ದು ಇಷ್ಟು. ಸಂಘದ ಸೆಕ್ರೆಟರಿ ಪಿಗ್ಮಿಯವರನ್ನೆಲ್ಲ ಕೂಡಿಸಿ ಆ ಪೇಪರಿನ ತುಣುಕು ಕೊಟ್ಟು, ರಿಸರ್ವ್ ಬ್ಯಾಂಕ್ ನಮ್ಮಿಂದಲೂ ನೂರಕ್ಕೆ ಹತ್ತು ತೆಗೆದಿಡಿಸಿಕೊಂಡಿದೆ, ಹೀಗಾಗಿ ಬಡ್ಡಿ ಎರಡು ರೂಪಾಯಿ ಕಡಿಮೆ, ಅಕ್ಟೋಬರಿನಲ್ಲಿ ಅದು ತಿರುಗಿ ಬರುವತನಕ ಯಾರಿಗೂ ರೊಕ್ಕ ತೆಗೆಯಲು ಬರುವುದಿಲ್ಲ, ಜನಕ್ಕೆ ತಿಳಿಸಿ ಹೇಳಿ ಅಂದಿದ್ದ. ಉಳಿದವರು ಅಂದೇ ಹೋಗಿ ಹೇಳಿದರು. ಪುಂಡಲೀಕಣ್ಣ ಹೇಳಲಿಲ್ಲ. ತಿಳಿದವರನ್ನು ಒಂದು ಮಾತು ಕೇಳಿಯೇ ಹೇಳೋಣ ಎಂದು ನನ್ನ ಹತ್ತಿರ ಬಂದಿದ್ದ. ತಿಳಿದವಳು ನಾನು.

ನಮ್ಮ ಓಣಿಯ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಜೋಳ ಗಿರಣಿಗೆ ಒಯ್ಯುವ ಮುಂಚೆ ಒಂದು ಹಿಡಿ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಾರೆ. ಅದು ಯಮನೂರಿನ ಹಿಡಿ. ವರ್ಷಕ್ಕೊಮ್ಮೆ ಯಮನೂರಿನ ದರ್ಗಾಕ್ಕೆ ಹೋಗುವಾಗ ಅದನ್ನು ಒಯ್ದು ಅಲ್ಲಿ ಹಸಿದು ಬಂದವರಿಗೆ ರೊಟ್ಟಿ ಮಾಡಿ ಹಾಕುವುದು. ನಮ್ಮವ್ವನೂ ಇಡುತ್ತಾಳೆ, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಗಿರ್ಮಿಟ್ ಮಾರುವ ಮರಿಯಮಬಿಯೂ ಇಡುತ್ತಾಳೆ. ಒಮ್ಮೆ ಗಡಿಗೆಗೆ ಬಿದ್ದ ಕಾಳು ತಿರುಗಿ ಚೀಲಕ್ಕೆ ಬರುವ ಹಾಗಿಲ್ಲ. ಮನೆಯಲ್ಲಿ ಹಿಟ್ಟು ತೀರಿದರೂ ಗಡಿಗೆಯ ಮುಚ್ಚಳ ತೆಗೆಯುವ ಹಾಗಿಲ್ಲ. ಎಷ್ಟಾಯಿತು ಎಂದು ಅಳೆದು ನೋಡುವುದೂ ಇಲ್ಲ.

ಪುಂಡಲೀಕಣ್ಣ ಇದನ್ನೇ ಹಿಡಿದು ತಿಳಿಸಿ ಹೇಳಿದ. ನಮ್ಮ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳುವಾಗ ನಾನು ಒಳಗೆ ಸೀರೆಗೆ ಇಸ್ತ್ರಿ ಮಾಡುತ್ತಿದ್ದೆ. "ಗಿರಣಿಗೆ ಹೋಗೂ ಮುಂಚೆ ಒಂದ ಹಿಡಿ ತಗದಿಡ್ತೀಯಲ್ಲ ಯವ್ವಾ, ಹಂಗ ಬ್ಯಾಂಕಿನವ್ರದು. ನೂರಕ್ಕ ಹತ್ತು. ಗಡಿಗ್ಯಾಗಿನ ಜೋಳ ಮರಿ ಹಾಕೂದಿಲ್ಲ, ಹಂಗ ಅದಕ್ಕ ಬಡ್ಡಿ ಇಲ್ಲ. ಆದ್ರ ಎಲ್ಲಿ ಹೋಗೂದಿಲ್ಲ. ನಾ ಕೇಳಿಕೊಂಡ ಬಂದೇನಿ."

"ತಗದಿಟ್ಟದ್ದನ್ನ ಯಾರು ಮುಟ್ತಾರ ಬಿಡಪಾ" ಎಂದಳು ಅವ್ವ.

ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದೇ ನಾನು ಇದನ್ನು ಕೇಳಿದೆ. ಕೇಳಿ ನಕ್ಕೆ. ಬ್ಯಾಂಕಿನವರು ಎಂದರೆ ನಮ್ಮಂಥವರು ಎಂದುಕೊಂಡೆ. ಎಷ್ಟು ಚೆಂದ ತಿಳಿಸಿ ಹೇಳುತ್ತಾನಲ್ಲ ಎಂದುಕೊಂಡೆ. ಎರಡನೆಯ ಸಲವೂ ನನಗೆ ಹೊಳೆಯಲಿಲ್ಲ.

ಕಾಳಿನ ಅಂಗಡಿಯವರು ಈ ಮಾತಿಗೆ ಮರುಳಾಗಲಿಲ್ಲ. ಸೆಕ್ರೆಟರಿಯ ಹಿಂಬಾಗಿಲಿಗೆ ಹೋಗಿ, ಜೋರು ಮಾಡಿ, ಎಂಟು ದಿನದಲ್ಲಿ ತಮ್ಮದನ್ನು ಬಿಡಿಸಿಕೊಂಡರು. ಹೆಂಗಸರು ಮಾತ್ರ ಒಬ್ಬರೂ ಹೋಗಿ ಕೇಳಲಿಲ್ಲ. ತೆಗೆದಿಟ್ಟದ್ದನ್ನು ತಿರುಗಿ ಕೇಳುವುದು ಅವರ ರೂಢಿಯಲ್ಲೇ ಇಲ್ಲ. ಅಕ್ಷರ ಬಾರದವರು ಮೋಸ ಹೋಗುತ್ತಾರೆ ಎಂದು ನಾವು ಕಲಿತವರು ಸದರವಾಗಿ ಹೇಳುತ್ತೇವೆ. ಈ ಮೋಸಕ್ಕೆ ಅಕ್ಷರ ಬಾರದಿದ್ದರೆ ಸಾಲದು, ಒಳ್ಳೆಯತನವೂ ಬೇಕಾಗಿತ್ತು.

ಮರಿಯಮಬಿ ಒಬ್ಬಳಿಗೆ ಮಾತ್ರ ಕೇಳದೆ ಗತಿಯಿರಲಿಲ್ಲ. ಮೊಮ್ಮಗಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಸೆಪ್ಟೆಂಬರಿನೊಳಗೆ ಮೂವತ್ತು ಸಾವಿರ ಕಟ್ಟಬೇಕು. ಎಣ್ಣೆಯ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಅವಳು ಕೂಡಿಸಿದ್ದು ನಲವತ್ತೆಂಟು ಸಾವಿರ, ಎಲ್ಲವೂ ಸಂಘದಲ್ಲಿ. ಪುಂಡಲೀಕಣ್ಣ ಅವಳಿಗೆ, "ಬೂಬಮ್ಮಾ, ಅಕ್ಟೋಬರ್ ಮೊದಲನೇ ವಾರ ಬರ್ತೈತಿ. ನಾ ಅದೇನಿ" ಅಂದ. ಅವಳು ಕಾದಳು. ಕಾಲೇಜಿನವರು ಕಾಯಲಿಲ್ಲ.

ಅಕ್ಟೋಬರಿನ ಮೊದಲ ವಾರದೊಳಗೆ ರಿಸರ್ವ್ ಬ್ಯಾಂಕ್ ಹೇಳಿದ ಹಾಗೆ ಆ ರೊಕ್ಕವನ್ನೆಲ್ಲ ಬ್ಯಾಂಕುಗಳಿಗೆ ತಿರುಗಿ ಬಿಟ್ಟಿತು. ಸಂಘದಲ್ಲಿ ಇವತ್ತು ನಾಳೆ ಎಂದರು. ದಸರೆಗೆ ಬಾಗಿಲು ಹಾಕಿದವರು ತೆಗೆಯಲೇ ಇಲ್ಲ. ಅಧ್ಯಕ್ಷ, ಸೆಕ್ರೆಟರಿ ಇಬ್ಬರೂ ನಾಪತ್ತೆ. ವಾರದಲ್ಲಿ ಬೋರ್ಡೂ ಹೋಯಿತು, ಬಾಗಿಲಿಗೆ ಸಹಕಾರ ಇಲಾಖೆಯ ನೋಟೀಸು ಬಂತು.

ಮರು ಭಾನುವಾರ ಬೆಳಿಗ್ಗೆ ಪುಂಡಲೀಕಣ್ಣ ನಮ್ಮ ಮನೆಗೆ ಬಂದ. ಕೈಯಲ್ಲಿ ಉದ್ದನೆಯ ಯಾದಿ, ರೊಕ್ಕ ಸಿಗದೆ ಉಳಿದವರ ನೂರಾ ಹನ್ನೆರಡು ಹೆಸರು. ಬಹಳ ದಿನದಿಂದ ಮಲಗಿಲ್ಲದ ಮುಖ, ಆದರೆ ಮಾತಿನಲ್ಲಿ ಅವಸರವಿರಲಿಲ್ಲ.

"ತಂಗೀ, ಒಂದು ಅರ್ಜಿ ಬರದು ಕೊಡವ್ವಾ."

"ಯಾರಿಗೆ ಅಣ್ಣಾ?"

"ರಿಸರ್ವ್ ಬ್ಯಾಂಕಿಗೆ. ಸಂಘದವ್ರು ಓಡಿಹೋದ್ರ ಹೋಗ್ಲಿ. ಆ ತೊಂಬತ್ತು ಕೋರ್ಟಿನ್ಯಾಗ ಬಂದಾಗ ಬರ್ಲಿ. ಈ ಹತ್ತು ಅಲ್ಲಿ ಐತೆಲ್ಲ, ಅದನ್ನ ನೆಟ್ಟಗ ಈ ಮಂದಿಗೆ ಕಳಸ್ರಿ ಅಂತ ಬರಿ. ಬಡ್ಡಿ ಬ್ಯಾಡ ಅಂತನೂ ಬರಿ."

ನನಗೆ ಆಗ ಎಲ್ಲ ಒಮ್ಮೆಲೇ ತಿಳಿಯಿತು. ಪೇಪರಿನ ತುಣುಕು, ಗಡಿಗೆಯ ಮಾತು, ನಾ ಕೇಳಿಕೊಂಡ ಬಂದೇನಿ ಎಂದು ಅವನು ಅವ್ವನಿಗೆ ಅಂದದ್ದು. "ಅಣ್ಣಾ, ಅಲ್ಲಿ ನಿಮ್ಮದು ಏನೂ ಇಲ್ಲ. ಆ ಆದೇಶ ಬ್ಯಾಂಕುಗಳಿಗೆ ಅಷ್ಟ. ಸಂಘಕ್ಕ ಅಲ್ಲ. ಸಂಘದವ್ರು ರಿಸರ್ವ್ ಬ್ಯಾಂಕಿಗೆ ಒಂದು ಪೈಸಾ ಕಟ್ಟಿಲ್ಲ."

"ನೀ ಅವತ್ತ ಖರೆ ಅಂದಿ."

"ನಮ್ಮ ಬ್ಯಾಂಕಿಗೆ ಖರೆ ಅಣ್ಣಾ. ನೀ ನಿಮ್ಮ ಸಂಘದ್ದು ಕೇಳಾಕತ್ತಿ ಅಂತ ನಂಗ ಹೊಳೀಲಿಲ್ಲ."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಪುಂಡಲೀಕಣ್ಣ ನಮ್ಮ ಮನೆಯಲ್ಲಿ ಕೂತ. ಬಾಗಿಲ ಹತ್ತಿರ, ಬರೀ ನೆಲದ ಮೇಲೆ, ಯಾದಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು. ಅವನು ನನ್ನನ್ನು ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನಾ ಪೂರಾ ಕೇಳಬೇಕಿತ್ತು" ಎಂದ ಕಡೆಗೆ. "ನಂದ ತಪ್ಪು. ಸಂಘದವ್ರು ತಿಂದದ್ದು ಅವರ ಪಾಪ. ಆದ್ರ ಆ ಹತ್ತು ಐತಿ ಅಂತ ಹೇಳಿದಾವ ನಾನು. ಮನಿ ಮನಿಗೆ ಹೋಗಿ ಹೇಳೇನಿ."

ನನ್ನ ಹತ್ತಿರ ಎರಡು ಲಕ್ಷ ಇದೆ, ಅರ್ಧ ತಪ್ಪು ನನ್ನದು, ತಗೋ ಎಂದೆ. ಅವನು ತಲೆ ಅಲ್ಲಾಡಿಸಿದ. "ಅವರು ನಿನ್ನ ಮಾತು ಕೇಳಿ ಇಟ್ಟವರಲ್ಲವ್ವಾ." ಏಳುವಾಗ ನನ್ನ ಕೈ ಹಿಡಿದು, ರಿಸರ್ವ್ ಬ್ಯಾಂಕಿನಲ್ಲಿ ಏನೂ ಇಲ್ಲ ಅನ್ನುವುದನ್ನು ಯಾರ ಮುಂದೆಯೂ ಹೇಳಬೇಡ ಎಂದು ಮಾತು ತಗೊಂಡ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತು ಬಹಳ ಹೊತ್ತಾಗಿತ್ತು. ನಾನು ಅದನ್ನು ಗಮನಕ್ಕೆ ತಗೊಳ್ಳಲಿಲ್ಲ.

ನೂರಾ ಹನ್ನೆರಡು ಮಂದಿಯದು ಒಟ್ಟು ಇಪ್ಪತ್ತೊಂದು ಲಕ್ಷ ಅರವತ್ತು ಸಾವಿರ. ಅದರಲ್ಲಿ ನೂರಕ್ಕೆ ಹತ್ತು ಎಂದರೆ ಎರಡು ಲಕ್ಷ ಹದಿನಾರು ಸಾವಿರ. ಅವನ ಸ್ವಂತದ್ದೂ ಸಂಘದಲ್ಲೇ ಮುಳುಗಿತ್ತು. ಹೆಂಡತಿ ಬಸಕ್ಕನಿಗೆ ತವರಿನವರು ಗುಡಗೇರಿಯಲ್ಲಿ ಒಂದು ಜಾಗ ಕೊಟ್ಟಿದ್ದರು, ಅದನ್ನು ಮಾರಿದರು. ಅವಳ ಎರಡು ಬಂಗಾರದ ಬಳೆ ಹೋದವು. ಉಳಿದದ್ದಕ್ಕೆ ಐವತ್ತೆಂಟರ ವಯಸ್ಸಿನಲ್ಲಿ ಅವನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಗಾಡಿಗಳ ತೂಕ ಬರೆಯುವ ಕೆಲಸಕ್ಕೆ ಸೇರಿದ. ಬಸಕ್ಕ ಇದಕ್ಕೆಲ್ಲ ಹೇಗೆ ಒಪ್ಪಿದಳೋ ಆಗ ನನಗೆ ತಿಳಿಯಲಿಲ್ಲ.

ಆಮೇಲೆ ಅದೇ ಸೈಕಲ್, ಅದೇ ಖಾಕಿ ಚೀಲ, ಅದೇ ಮನೆಗಳು. ಮೊದಲು ಹೋದದ್ದು ಮರಿಯಮಬಿಯ ಹತ್ತಿರ, ನಾಲ್ಕು ಸಾವಿರದ ಎಂಟುನೂರು. ಎಲ್ಲರ ಬಾಗಿಲಲ್ಲೂ ಒಂದೇ ಮಾತು: "ರಿಸರ್ವ್ ಬ್ಯಾಂಕಿಂದ ಬಂತ್ರಿ. ನೂರಕ್ಕ ಹತ್ತು. ಬಡ್ಡಿ ಇಲ್ಲ." ಮಶೀನನ್ನು ಸಂಘದವರೇ ಇಟ್ಟುಕೊಂಡಿದ್ದರಿಂದ ಚೀಟಿಯನ್ನು ಕೈಯಲ್ಲೇ ಬರೆದು ಕೊಡುತ್ತಿದ್ದ.

ನಮ್ಮ ಮನೆಗೆ ಬಂದದ್ದು ಸಂಕ್ರಾಂತಿಯ ಹಿಂದಿನ ದಿನ. ಅವ್ವ ಡಬ್ಬಿ ತಂದು ಬೀಜಗಳನ್ನು ನೆಲದ ಮೇಲೆ ಸುರಿದಳು. ಏಳುನೂರಾ ಮೂವತ್ತು ಬೀಜ, ಹದಿನಾಲ್ಕು ಸಾವಿರದ ಆರುನೂರು ರೂಪಾಯಿ. ಅವನು ಬಾಗಿ, ಹತ್ತರ ಗುಂಪು ಮಾಡುತ್ತ, ಗುಂಪಿಗೊಂದು ಬೀಜವನ್ನು ಪಕ್ಕಕ್ಕೆ ಸರಿಸುತ್ತ ಹೋದ. ಎಪ್ಪತ್ಮೂರು ಬೀಜವಾದ ಮೇಲೆ ಒಂದು ಸಾವಿರದ ನಾಲ್ಕುನೂರಾ ಅರವತ್ತು ರೂಪಾಯಿ ಎಣಿಸಿ, ಕಣ್ಣಿಗೆ ಒತ್ತಿಕೊಂಡು ಅವ್ವನ ಕೈಗಿಟ್ಟ.

"ರಿಸರ್ವ್ ಬ್ಯಾಂಕಿಂದ ಬಂತು ಯವ್ವಾ."

ಅವ್ವ ಅವನ ಮುಖವನ್ನೇ ನೋಡಿದಳು. "ಬರ್ತೈತಿ ಅಂತ ನೀ ಹೇಳಿದ್ದೆಲ್ಲಪಾ" ಎಂದು ನೋಟುಗಳನ್ನು ಸೆರಗಿಗೆ ಕಟ್ಟಿಕೊಂಡಳು. ನಾನು ಒಳಗೆ ಹೋಗಿ ನಲ್ಲಿಯ ನೀರು ಬಿಟ್ಟುಕೊಂಡು ನಿಂತೆ.

ಇಲ್ಲಿಗೆ ಕಥೆ ಮುಗಿದಿದ್ದರೆ ದುಃಖದಲ್ಲೂ ಒಂದು ಸಮಾಧಾನ ಇರುತ್ತಿತ್ತು. ಆದರೆ ಊರ ಬಾಯಿಗೆ ಮುಚ್ಚಳ ಇಲ್ಲ. ರೊಕ್ಕ ಮುಟ್ಟಿದ ಹಾಗೆಲ್ಲ ಜನ ಲೆಕ್ಕ ಹಾಕತೊಡಗಿದರು. ರಿಸರ್ವ್ ಬ್ಯಾಂಕಿನಿಂದ ಇವನ ಕೈಗೇ ಯಾಕೆ ಬರುತ್ತದೆ? ಒಮ್ಮೆಲೇ ಯಾಕೆ ಕೊಡುವುದಿಲ್ಲ? ಇವನಿಗೆ ಬಂದದ್ದು ನೂರಕ್ಕೆ ಐವತ್ತು ಇರಬೇಕು, ಹತ್ತು ಹಂಚಿ ನಲವತ್ತು ನುಂಗಿದ್ದಾನೆ. ಇಪ್ಪತ್ತಾರು ವರ್ಷ ಒಂದು ರೂಪಾಯಿ ತಪ್ಪದವನನ್ನು ಕಳ್ಳ ಎನ್ನಲು ಊರಿಗೆ ಮೂರು ತಿಂಗಳು ಸಾಕಾಯಿತು.

ಮರಿಯಮಬಿಯ ಮಗ ಅಕೀಲ್ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಅವನ ಕಾಲರ್ ಹಿಡಿದ. ಸೀಟು ಕಳೆದುಕೊಂಡ ಹುಡುಗಿಯ ತಂದೆ. ಅವನ ಹೊಟ್ಟೆಯ ಉರಿ ಅವನಿಗೆ. "ನನ್ನ ಮಗಳ ಬಾಳೇ ಹಾಳ ಮಾಡ್ದಿ. ರಿಸರ್ವ್ ಬ್ಯಾಂಕಿಂದ ಎಷ್ಟ ಬಂತು, ಇಲ್ಲೇ ಹೇಳಲೇ" ಎಂದು ಜಗ್ಗಿದ. ನಾನು ಬ್ಯಾಂಕಿಗೆ ಹೋಗುವ ದಾರಿಯಲ್ಲಿದ್ದೆ, ಹತ್ತು ಮಾರು ದೂರ. ಪುಂಡಲೀಕಣ್ಣ, "ನೂರಕ್ಕ ಹತ್ತ ಬಂತಪಾ, ದೇವ್ರಾಣಿ" ಎನ್ನುತ್ತಿದ್ದ. ಅಂಗಿಯ ಗುಂಡಿ ಹರಿದು ಬಿತ್ತು. ಅವನು ಬಾಗಿ ಅದನ್ನು ಆರಿಸಿಕೊಂಡು ಕಿಸೆಯಲ್ಲಿ ಹಾಕಿಕೊಂಡ. ಎದ್ದಾಗ ನನ್ನ ಕಡೆ ನೋಡಿ ಬೇಡ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದ.

ನಾನು ಸುಮ್ಮನಾದೆ. ಕೊಟ್ಟ ಮಾತಿಗೆ ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ಕಾರಣವನ್ನೂ ಇಲ್ಲಿ ಬರೆದುಬಿಡುತ್ತೇನೆ: ಬಾಯಿಬಿಟ್ಟರೆ, ಖರೆ ಎಂದು ಮೊದಲು ಹೇಳಿದವಳು ಬ್ಯಾಂಕಿನ ಮಲ್ಲಿಕಾ ಮೇಡಮ್ ಎನ್ನುವುದೂ ಹೊರಗೆ ಬರುತ್ತಿತ್ತು. ಅವನು ನನ್ನ ಹೆಸರು ಒಮ್ಮೆಯೂ ಎತ್ತಲಿಲ್ಲ.

ಜಿನ್ನಿನ ಧೂಳು ಅವನ ಎದೆಗೆ ಹಿಡಿಯಿತು. ಕೆಮ್ಮುತ್ತಲೇ ಎರಡು ವರ್ಷ ತೂಕ ಬರೆದ, ಪಗಾರದಲ್ಲಿ ತಿಂಗಳಿಗೆ ಒಬ್ಬಿಬ್ಬರಿಗೆ ಮುಟ್ಟಿಸುತ್ತ ಬಂದ. ೨೦೨೫ರ ನವೆಂಬರಿನ ಕೊನೆಯ ಶನಿವಾರ ಬೆಳಿಗ್ಗೆ, ತೂಕದ ಮನೆಯ ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ನನ್ನ ಟೇಬಲ್ಲಿನ ಮೇಲೆ ಇದ್ದ ಪೇಪರಿನಲ್ಲಿ, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ಮೀಸಲು ಇವತ್ತಿನಿಂದ ನೂರಕ್ಕೆ ಮೂರೇ ರೂಪಾಯಿ ಎಂದಿತ್ತು. ಬಡ್ಡಿಯಿಲ್ಲದೆ ಬಿದ್ದಿದ್ದ ರೊಕ್ಕ ಬಿಡುಗಡೆಯಾಯಿತು ಎಂದು ನಮ್ಮವರು ಖುಷಿಯಲ್ಲಿದ್ದರು. ನಾನು ರಜೆ ಚೀಟಿ ಬರೆದಿಟ್ಟು ಮನೆಗೆ ಬಂದೆ.

ಅವ್ವ ಅಡುಗೆಮನೆಯ ಮೂಲೆಯಲ್ಲಿ ಯಮನೂರಿನ ಗಡಿಗೆಯ ಮುಂದೆ ಕೂತಿದ್ದಳು. ಮುಚ್ಚಳ ತೆಗೆದಿತ್ತು. ನನ್ನ ಜೀವಮಾನದಲ್ಲಿ ಅದನ್ನು ವರ್ಷದ ನಡುವೆ ತೆಗೆದದ್ದು ನಾನು ಕಂಡಿರಲಿಲ್ಲ. ಜೋಳದೊಳಗೆ ಕೈ ಇಳಿಸಿ ಒಂದು ಅರಿವೆಯ ಗಂಟು ತೆಗೆದಳು. ಅದರಲ್ಲಿ ಸಾವಿರದ ನಾಲ್ಕುನೂರಾ ಅರವತ್ತು ರೂಪಾಯಿ ಇತ್ತು, ಅವನು ಕೊಟ್ಟ ನೋಟುಗಳೇ.

"ಅವ್ವಾ, ನಿನಗ ಗೊತ್ತಿತ್ತೇನು?"

"ಅವತ್ತ ಅವಾ ನೆಲದ ಮ್ಯಾಲ ಕುಂತಾಗ ನಾ ರೊಟ್ಟಿ ಬಡೀತಿದ್ನಿಲ್ಲೇನು? ಮತ್ತ ಬಸಕ್ಕನ ಕೈಯಾಗಿನ ಬಳಿ ಎಲ್ಲಿ ಹೋದ್ವು ಅಂತ ಕಣ್ಣಿದ್ದವ್ರಿಗೆ ಕಾಣ್ತಿತ್ತು."

"ಗೊತ್ತಿದ್ದೂ ಯಾಕ ಇಸಗೊಂಡಿ?"

"ಇಸಗೊಳ್ಳಲಿಲ್ಲಂದ್ರ ಅವನ ಮಾತು ಸುಳ್ಳ ಆಗತಿತ್ತಲ್ಲಬೇ" ಎಂದಳು ಅವ್ವ. ಗಂಟನ್ನು ನನ್ನ ಕೈಗೆ ಕೊಟ್ಟು, "ನನ್ನ ಕೈಲೆ ಖರ್ಚ ಆಗಲಿಲ್ಲ. ಮಣ್ಣಿನ ಖರ್ಚಿಗೆ ಕೊಡೂಣು, ನಡಿ" ಎಂದಳು. ಆಗ ಅತ್ತಳು. ನಮ್ಮಪ್ಪ ಸತ್ತಾಗಲೂ ಅವ್ವ ಅಷ್ಟು ಅತ್ತಿರಲಿಲ್ಲ.

ಬಸಕ್ಕ ಆ ಗಂಟನ್ನು ಮುಟ್ಟಲಿಲ್ಲ. ಮಣ್ಣು ಮುಗಿಸಿ ಮಂದಿ ಚದುರಿದ ಮೇಲೆ ಅವಳ ಪಕ್ಕದಲ್ಲಿ ಇಟ್ಟರೆ, "ಅವರ ಕೈ ಬಿಟ್ಟದ್ದು ತಿರುಗಿ ನಮ್ಮ ಮನಿಯೊಳಗ ಬರಂಗಿಲ್ಲ ಯವ್ವಾ" ಎಂದು ಅವ್ವನ ಕಡೆಗೇ ಸರಿಸಿದಳು. ಆಮೇಲೆ ದೇವರ ಮಾಡದಿಂದ ಆ ಯಾದಿಯನ್ನು ತಂದು ನನ್ನ ಮುಂದೆ ಹಾಸಿದಳು. ತೊಂಬತ್ತೊಂಬತ್ತು ಹೆಸರಿನ ಮುಂದೆ ಗೀಟು ಇತ್ತು. ಹದಿಮೂರು ಉಳಿದಿದ್ದವು. ಮೊತ್ತ ಹನ್ನೊಂದು ಸಾವಿರದ ಇನ್ನೂರು.

"ಇಷ್ಟು ಮುಟ್ಟಿಸಿದ್ರ ಮಗ್ಗಲಾಗಿ ಮಲಗ್ತೇನಿ ಅಂತಿದ್ರು" ಎಂದಳು. "ಹೆಂಗ ಮುಟ್ಟಿಸ್ಲಿ, ನಂಗ ತಿಳೀವಲ್ದು."

"ನಾ ಮುಟ್ಟಸ್ತೇನಿ ಬಸಕ್ಕಾ. ಇಷ್ಟಾದ್ರೂ ಮಾಡಾಕ ಬಿಡು." ಅಂದು ಆಗಸ್ಟಿನಲ್ಲಿ ಬ್ಯಾಂಕಿನಲ್ಲಿ ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ.

"ಗೊತ್ತೈತಿ. ಅವರು ಹೇಳಿದ್ರು. ಆಕಿಗೆ ಕೆಲಸ ಭಾಳ ಇತ್ತು, ಆಕೀದೇನು ತಪ್ಪಿಲ್ಲ ಅಂತಿದ್ರು." ಯಾದಿಯನ್ನು ಮಡಚಿ ನನ್ನ ಕೈಗಿಟ್ಟಳು. "ಆತು, ಕೊಡು. ಆದ್ರ ರಿಸರ್ವ್ ಬ್ಯಾಂಕಿಂದ ಬಂತು ಅನಬ್ಯಾಡ. ಅವರು ಇರೂತನಕ ನಾ ಬಾಯಿ ಮುಚ್ಚಿಕೊಂಡಿದ್ನಿ. ಕಳ್ಳನ ಹೇಣತಿ ಅನಿಸಿಕೊಂಡು ನೀರಿಗೆ ಹೋಗಿ ಬಂದೇನಿ. ಇನ್ನ ಸಾಕು."

ಅವ್ವನ ಗಂಟಿಗೆ ನನ್ನದನ್ನು ಸೇರಿಸಿಕೊಂಡು ಮುಂದಿನ ಭಾನುವಾರ ಹೊರಟೆ. ಉಳಿದ ಯಾದಿಯಲ್ಲಿ ಮೊದಲನೆಯ ಹೆಸರು ಮಹಾದೇವಕ್ಕನದು. ಗುಡಿಯ ಹಿಂದಿನ ಸಂದಿಯಲ್ಲಿ ಹೂ ಕಟ್ಟಿ ಮಾರುವ ಮುದುಕಿ. ದಿನಕ್ಕೆ ಹತ್ತು ರೂಪಾಯಿಯಂತೆ ಕೂಡಿಸಿದ್ದು ಎಂಟು ಸಾವಿರ. ಎಂಟುನೂರು ರೂಪಾಯಿಯನ್ನು ಅವಳ ಕೈಗಿಟ್ಟೆ. ಬುಟ್ಟಿಯ ಪಕ್ಕಕ್ಕೆ ಹೂ ಸರಿಸಿ ಅವಳು ನೋಟುಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ರಿಸರ್ವ್ ಬ್ಯಾಂಕಿಂದ ಬಂತಂತಲ್ಲ, ಖರೆ ಏನವ್ವಾ?"

ಅದೇ ಪ್ರಶ್ನೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವಳ ಮುಂದೆ ನೆಲದ ಮೇಲೆ ಕೂತೆ. ಈ ಸಲ ಪೂರಾ ಹೇಳಿದೆ. ರಿಸರ್ವ್ ಬ್ಯಾಂಕ್ ಏನು ಹೇಳಿತ್ತು, ಯಾರಿಗೆ ಹೇಳಿತ್ತು, ಅವನು ಏನು ಕೇಳಿದ, ನಾನು ಏನು ಹೇಳಿದೆ, ಗುಡಗೇರಿಯ ಜಾಗ, ಬಸಕ್ಕನ ಬಳೆ, ಜಿನ್ನಿನ ಧೂಳು, ಎಲ್ಲ. ಮಹಾದೇವಕ್ಕ ಹೂ ಕಟ್ಟುವುದನ್ನು ನಿಲ್ಲಿಸಿ ಕೇಳಿದಳು. ನಡುವೆ ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಾನೂ ಅವನ್ನ ಕಳ್ಳ ಅಂದೇನವ್ವಾ" ಎಂದಳು. "ಈ ಬಾಗಲಾಗ ನಿಂತಾಗನ ಅಂದೇನಿ. ಕಣ್ಣ ಕೆಳಗ ಮಾಡಿ, ನಿನ್ನ ಪಾಳಿನೂ ಬರ್ತೈತಿ ಮಾದೇವಕ್ಕ ಅಂದು ಹೋದ." ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಇದನ್ನ ಅವಾ ಇದ್ದಾಗ ಬಂದು ಹೇಳಿದ್ರ ಏನಾಗತಿತ್ತು?"

ಯಾದಿ ಬಿಚ್ಚಿ ಅವಳ ಹೆಸರಿನ ಮುಂದೆ ಗೀಟು ಎಳೆದೆ. ಇನ್ನೂ ಹನ್ನೆರಡು ಮನೆ ಇದ್ದವು.